ಧೂಳಿಲ್ಲದ ಕೋಣೆ

ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ಊರವರು ಕ್ಯಾಮೆರಾ ಅಕ್ಕ ಎಂದು ಕರೆಯುವ ರಿಪೇರಿಯವಳು ಹಳೆಯ ಮಡಚುವ ಕ್ಯಾಮೆರಾ ಒಂದರ ಶಟರ್ ಬಿಚ್ಚಿ, ಅದರ ಹದಿಮೂರನೆಯ ಸ್ಕ್ರೂವನ್ನು ಚಿಮಟದಲ್ಲಿ ಹಿಡಿದು ಬಿಳಿ ತಟ್ಟೆಗೆ ದಾಟಿಸುತ್ತಿದ್ದಳು. ತಟ್ಟೆ ತಲುಪಿದ ಮೇಲೆ ನೋಡಿದರೆ ಚಿಮಟದ ತುದಿ ಖಾಲಿ.

ಸ್ಕ್ರೂ ಬಿದ್ದದ್ದರಲ್ಲಿ ವಿಶೇಷವೇನಿಲ್ಲ. ಒಂದೂವರೆ ಮಿಲಿಮೀಟರ್ ಉದ್ದದ ವಸ್ತು, ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತದೆ. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಕೈಯಿಂದ ಜಾರಿದ ಒಂದೊಂದು ಸ್ಕ್ರೂವೂ ಜಾರುವ ಮುನ್ನ ಬೆರಳಿಗೆ ಸುದ್ದಿ ಮುಟ್ಟಿಸಿತ್ತು. ಇದು ಹೇಳದೆ ಕೇಳದೆ ಹೋಗಿತ್ತು.

ಹಿತ್ತಾಳೆಯ ಸ್ಕ್ರೂಗೆ ಅಯಸ್ಕಾಂತ ಹಿಡಿದು ಉಪಯೋಗವಿಲ್ಲ. ಅವಳು ಟಾರ್ಚನ್ನು ನೆಲಕ್ಕೆ ಮಲಗಿಸಿ ಬೆಳಕು ಬಿಟ್ಟಳು. ಹಾಗೆ ಬಿಟ್ಟರೆ ಎಷ್ಟು ಸಣ್ಣ ಚೂರಿಗೂ ಉದ್ದನೆಯ ನೆರಳು ಬರುತ್ತದೆ. ಸ್ಟೂಲಿನ ಕಾಲಿನ ಹತ್ತಿರ ನೆರಳು ಸಿಕ್ಕಿತು, ನೆರಳಿನ ಬುಡದಲ್ಲಿ ಸ್ಕ್ರೂ ಸಿಕ್ಕಿತು. ಎದ್ದು ನಿಂತಾಗ ಪಾದದ ಅಡಿಯಲ್ಲಿ ದಪ್ಪ ಕಾಲುಚೀಲ ಹಾಕಿದಂತೆ ಅನ್ನಿಸಿತು. ಬಗ್ಗಿ ನೋಡಿದಳು. ಬರಿಗಾಲು.

ಊರಿನ ಗ್ರಂಥಾಲಯದವರು ಪ್ರದರ್ಶನಕ್ಕೆಂದು ನಲವತ್ತು ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ಅವಳಿಗೆ ಒಪ್ಪಿಸಿದ್ದರು. ಹೊಳೆಯಬೇಕು, ಓಡಲೂಬೇಕು, ಈ ತಿಂಗಳ ಕೊನೆಗೆ ಮುಗಿಯಬೇಕು. ಇಪ್ಪತ್ತೊಂಬತ್ತು ಆಗಿದ್ದವು. ಈ ಕೆಲಸ ಹಿಡಿದ ಹೊತ್ತಿಗೇ ಮನೆ ಮುಂದಿನ ರಸ್ತೆ ಅಗೆಯಲು ಶುರುವಾಗಿತ್ತು. ಕೂದಲಿಗಿಂತ ತೆಳುವಾದ ಶಟರ್ ಎಲೆಗಳ ನಡುವೆ ಒಂದು ಕಣ ಧೂಳು ಕೂತರೂ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಎರಡು ತಿಂಗಳ ಹಿಂದೆ ಅವಳು ಅಣ್ಣನಿಗೆ ಫೋನ್ ಮಾಡಿ ಕೇಳಿದ್ದಳು. ಈ ಕೆಲಸ ಕಲಿಸಿದವನು ಅವನೇ.

"ಕಿಟಕಿ ಸಂದಿಗೆಲ್ಲ ಟೇಪು ಹಚ್ಚು. ಬಾಗಿಲ ಕೆಳಗೆ ಬಟ್ಟೆ ಸುತ್ತಿಡು. ಫ್ಯಾನು ಮುಟ್ಟಲೇಬೇಡ," ಎಂದಿದ್ದ ಅಣ್ಣ. "ನಾನು ಹಿಂದಿನ ಕೋಣೇಲಿ ಹಂಗೇ ಮಾಡಿದ್ದು. ಒಂದು ಕಣ ಬಂದಿದ್ರೆ ಕೇಳು."

ಅವಳು ಹಾಗೆಯೇ ಮಾಡಿದಳು. ಕೋಣೆಗೆ ಧೂಳು ಬರುವುದು ನಿಂತಿತು. ರಸ್ತೆಯ ಸದ್ದು ದೂರದ್ದೆಂಬಂತೆ ಕೇಳತೊಡಗಿತು. ಮೇಜಿನ ಮೇಲೆ ಎರಡು ಸೀಸೆಗಳಿದ್ದವು. ಒಂದರಲ್ಲಿ ಸ್ಪಿರಿಟ್, ಮನೆಯವರ ಬಾಯಲ್ಲಿ ಅದು 'ನಿಧಾನದ್ದು'. ಇನ್ನೊಂದು 'ಬೇಗದ್ದು'. ಅಣ್ಣನ ಕಾಲದಿಂದಲೂ ಅಂಟು ಮಾರುವವನ ಕಡೆಯಿಂದ ಡಬ್ಬದಲ್ಲಿ ಬರುತ್ತಿದ್ದ, ನೀರಿನಷ್ಟು ತಿಳಿಯಾದ ದ್ರವ. ಹಳೆಯ ಗ್ರೀಸನ್ನು ಒಂದೇ ಗುಕ್ಕಿಗೆ ಕರಗಿಸಿ, ಕಣ್ಣು ಮಿಟುಕಿಸುವುದರೊಳಗೆ ಒಂದು ಕಲೆಯನ್ನೂ ಬಿಡದೆ ಆರುತ್ತಿತ್ತು. ಮೊದಲೆಲ್ಲ ಅವಳು ಅದನ್ನು ಕುಂಚದ ತುದಿಯಲ್ಲಿ ಒಂದು ಹನಿ ಹಚ್ಚುತ್ತಿದ್ದಳು. ನಲವತ್ತು ಕ್ಯಾಮೆರಾಗಳ ಅವಸರದಲ್ಲಿ ಈಗ ಅಗಲವಾದ ಬಟ್ಟಲಿಗೆ ಸುರಿದು, ಬಿಡಿಭಾಗಗಳನ್ನು ಇಡಿಯಾಗಿ ಅದರಲ್ಲಿ ನೆನೆಹಾಕುತ್ತಿದ್ದಳು. ಬಟ್ಟಲು ದಿನವಿಡೀ ತೆರೆದೇ ಇರುತ್ತಿತ್ತು.

ಅವಳು ಕೆಲಸದಲ್ಲಿ ಅಜಾಗರೂಕಳು ಎಂದು ಯಾರೂ ಹೇಳುವಂತಿಲ್ಲ. ಅಣ್ಣ ಶುರುಮಾಡಿ ಅವಳು ಮುಂದುವರಿಸಿದ ನೋಟ್‌ಬುಕ್ಕಿನಲ್ಲಿ ಒಂದೊಂದು ಲೋಹಕ್ಕೂ ಒಂದೊಂದು ಪುಟವಿತ್ತು. ಹಿತ್ತಾಳೆಗೆ ಹುಳಿ ತಾಗಿಸಬಾರದು. ಕ್ರೋಮ್ ಲೇಪಕ್ಕೆ ಉಜ್ಜುವ ಪುಡಿ ಬೇಡ. ಅಲ್ಯೂಮಿನಿಯಮ್ಮಿಗೆ ಸೋಡಾ ನೀರು ತಗುಲಿದರೆ ಕಪ್ಪಾಗುತ್ತದೆ. ಉಕ್ಕಿನ ಸ್ಪ್ರಿಂಗಿಗೆ ನೀರನ್ನು ತೋರಿಸಲೂಬಾರದು. ಕೈಗವಸಿನ ಬೆರಳ ತುದಿಗಳನ್ನು ಕತ್ತರಿಸಿಯೇ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಸ್ಪರ್ಶ ಸಿಗುವುದಿಲ್ಲ. ಹೀಗೆ ಎಪ್ಪತ್ತು ಪುಟ.

ಆ ಸಂಜೆ ತರಕಾರಿ ತಂದು ಮೆಟ್ಟಿಲು ಹತ್ತಿ ಬಂದಾಗ, ಬಾಗಿಲಲ್ಲಿ ನಿಂತಿದ್ದ ಗಂಡ ಅವಳ ಕಾಲು ನೋಡಿ ನಕ್ಕ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಎಲ್ಲದಕ್ಕೂ ಅವನದೊಂದು ತಮಾಷೆ ಇರುತ್ತಿತ್ತು.

"ಏನಮ್ಮಾ, ಎಡಗಾಲಿಗೆ ಇವತ್ತು ರಜೆ ಕೊಟ್ಟಿದ್ದೀಯಾ?"

ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ತಿರುಗಿ ನೋಡಿದರೆ ಅದು ಗೇಟಿನ ಹತ್ತಿರ, ಅಗೆದ ಜಲ್ಲಿಯ ಮೇಲೆ ಬಿದ್ದಿತ್ತು. ಅಲ್ಲಿಂದ ಇಲ್ಲಿಗೆ ಹದಿನಾಲ್ಕು ಮೆಟ್ಟಿಲು. ಅಷ್ಟನ್ನೂ ಅವಳು ಹತ್ತಿ ಬಂದಿದ್ದಳು.

ಅವಳಿಗೆ ನಗು ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಣ್ಣನ ಚಪ್ಪಲಿಯೂ ಹೀಗೆಯೇ ಅಂಗಳದಲ್ಲಿ ಉಳಿದಿತ್ತು. ಆಗ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನೂ ನಕ್ಕಿದ್ದ. ಆರು ತಿಂಗಳಲ್ಲಿ ಅವನ ಕೈಗೆ ಊರುಗೋಲು ಬಂತು. ನರದ ದೌರ್ಬಲ್ಯ ಅಂದರು, ವಂಶದಲ್ಲಿ ಇರಬೇಕು ಅಂದರು. ಅವನ ರಿಪೇರಿ ಅಂಗಡಿ ಅವಳ ಕೈಗೆ ಬಂತು.

"ಅಣ್ಣಂದು ವಂಶದ್ದೇ ಆಗಿದ್ರೆ, ನನ್ನ ಸರದಿ ಬಂತು ಅಂತ ಕಾಣುತ್ತೆ ರೀ," ಎಂದಳು.

"ಸುಮ್ನಿರು. ನಿನ್ನ ಚಪ್ಪಲಿ ಸವೆದಿದೆ, ಅಷ್ಟೇ," ಎಂದ ಗಂಡ. ಆದರೆ ಕೆಳಗಿಳಿದು ಚಪ್ಪಲಿ ಎತ್ತಿಕೊಂಡವನು ಅದರ ಅಟ್ಟೆಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಅದು ಹೊಸದು.

ಮರುದಿನ ಅವಳು ಬಾಗಿಲ ಕೆಳಗೆ ಬಟ್ಟೆ ಸುತ್ತಿಟ್ಟು ಮತ್ತೆ ಕೂತಳು. ಕೈ ಕೈಕೊಡುವ ಮೊದಲು ಉಳಿದ ಹನ್ನೊಂದನ್ನು ಮುಗಿಸಿಬಿಡಬೇಕು ಎಂಬ ಹಟ. ಒಂದು ವಾರದಲ್ಲಿ ನಾಲ್ಕು ಮುಗಿಸಿದಳು. ತಲೆ ಸದಾ ಹಗುರವಾಗಿ ತೇಲುತ್ತಿತ್ತು. ಆ ವಾರ ಸ್ಕ್ರೂಗಳು ಒಂಬತ್ತು ಸಲ ಬಿದ್ದವು.

ಭಾನುವಾರ ಅಣ್ಣನ ಮಗಳು ಬಂದಳು. ಚಪ್ಪಲಿ ಕಾರ್ಖಾನೆಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವುದು ಅವಳ ಕೆಲಸ. ಕೋಣೆಯ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತಳು.

"ಅತ್ತೆ, ಇಲ್ಲಿ ಯಾಕೆ ನಮ್ಮ ಕಾರ್ಖಾನೆ ವಾಸನೆ?"

"ವಾಸನೆ ಎಲ್ಲಿದೆ? ನಿನ್ನ ಮೂಗಿಗೆ ಭಾನುವಾರಾನೂ ರಜೆ ಇಲ್ಲ."

"ನಿಮ್ಮ ಮೂಗಿಗೆ ಅಭ್ಯಾಸ ಆಗಿಹೋಗಿದೆ. ಇದು ಅಟ್ಟೆ ಅಂಟಿಗೆ ಬೆರೆಸೋ ದ್ರವ." ಬಟ್ಟಲಿಗೆ ತಟ್ಟೆ ಮುಚ್ಚಿ, ಅವಳು ಮೇಜಿನ ಕೆಳಗಿನ ಡಬ್ಬವನ್ನು ಎಳೆದು ಅದರ ಸಣ್ಣ ಅಕ್ಷರ ಓದಿದಳು. "ಹೆಕ್ಸೇನ್. ನಮ್ಮಲ್ಲಿ ಇದನ್ನ ತೆರೆದಿಟ್ರೆ ಮೇಲೆ ನಾಲ್ಕು ಫ್ಯಾನು ಓಡ್ತಾ ಇರಬೇಕು. ಆವಿ ಮೈಯೊಳಗೆ ಹೋಗಿ ನರ ತಿನ್ನುತ್ತೆ. ಮೊದಲು ಕಾಲ್ಬೆರಳು, ಆಮೇಲೆ ಕೈ." ಕಿಟಕಿಯ ಸುತ್ತ ನೀಟಾಗಿ ಹಚ್ಚಿದ ಟೇಪನ್ನು ನೋಡಿದಳು. "ಈ ಪುಸ್ತಕದಲ್ಲಿ ಹಿತ್ತಾಳೆಗೆ ಏನಾಗುತ್ತೆ, ಕ್ರೋಮಿಗೆ ಏನಾಗುತ್ತೆ, ಎಲ್ಲಾ ಬರೆದಿದ್ದೀರಲ್ಲ ಅತ್ತೆ. ನಿಮಗೆ ಏನಾಗುತ್ತೆ ಅಂತ ಯಾವ ಪುಟದಲ್ಲಿದೆ?"

ಹುಡುಗಿ ಟೇಪನ್ನು ಉಗುರಿನಿಂದ ಕಿತ್ತು ಕಿಟಕಿ ತೆರೆದಳು. ಧೂಳು ಒಳಗೆ ಬಂತು. ಅವಳು ಅಲ್ಲೇ ನಿಂತು, ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಅಪ್ಪನೂ ಇದನ್ನೇ ಬಳಸ್ತಿದ್ರಾ?"

"ಇದನ್ನೇ."

ಹುಡುಗಿ ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಫೋನನ್ನು ಅತ್ತೆಗೆ ಕೊಡು ಎಂದ ಅವನು. ಆಮೇಲೆ ಅಣ್ಣ ತನ್ನ ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಟೇಪು ಹಚ್ಚು ಅಂದೋನು ನಾನೇ ಕಣೆ," ಎಂದಷ್ಟೇ ತಂಗಿಗೆ ಹೇಳಿದ.

ನರದ ಡಾಕ್ಟರು ಪರೀಕ್ಷೆ ಮಾಡಿ ಹೌದು ಎಂದರು. ಇಂದಿನಿಂದಲೇ ಬಿಡಬೇಕು ಎಂದರು. ಬಿಟ್ಟಿದ್ದೇನೆ ಎಂದಳು. ಹಾಗಾದರೆ ಇನ್ನು ಕಡಿಮೆಯಾಗುತ್ತದಲ್ಲ ಎಂದು ಗಂಡ ಕೇಳಿದ.

"ಈಗಲೇ ಇಲ್ಲ. ಬಿಟ್ಟ ಮೇಲೂ ಎರಡು ಮೂರು ತಿಂಗಳು ಇದು ಏರ್ತಾ ಹೋಗಬಹುದು. ಆಮೇಲೆ ನಿಲ್ಲುತ್ತೆ, ನಿಧಾನಕ್ಕೆ ಇಳಿಯುತ್ತೆ. ಎಲ್ಲಿ ನಿಲ್ಲುತ್ತೆ, ಎಷ್ಟು ವಾಪಸ್ ಬರುತ್ತೆ ಅಂತ ಮೊದಲೇ ಹೇಳೋಕಾಗಲ್ಲ."

ಉಳಿದ ಏಳು ಕ್ಯಾಮೆರಾಗಳು ಗ್ರಂಥಾಲಯಕ್ಕೆ ಹಾಗೆಯೇ ಮರಳಿದವು. 'ಬೇಗದ್ದು' ಸೀಲು ಹಾಕಿದ ಡಬ್ಬದಲ್ಲಿ ಕಾರ್ಖಾನೆಯ ವಿಲೇವಾರಿಗೆ ಹೋಯಿತು. ಕಿಟಕಿ ಹಗಲೆಲ್ಲ ತೆರೆದಿರುತ್ತದೆ, ಫ್ಯಾನು ಹೊರಮುಖವಾಗಿ ತಿರುಗುತ್ತದೆ. ಮೇಜಿನ ಮೇಲೆ ದಿನದಿನಕ್ಕೆ ಧೂಳು ಏರುತ್ತಿದೆ. ಅವಳು ಅದನ್ನು ಒರೆಸುವುದಿಲ್ಲ.

ಪ್ರತಿ ಭಾನುವಾರ ಬೆಳಗ್ಗೆ, ಡಾಕ್ಟರು ಹೇಳಿಕೊಟ್ಟಂತೆ, ಗಂಡ ಎರಡು ಮೊನೆಯ ಕೈವಾರ ತೆಗೆದುಕೊಳ್ಳುತ್ತಾನೆ. ಅವಳು ಕಣ್ಣು ಮುಚ್ಚುತ್ತಾಳೆ. ಅವನು ಎರಡು ಮೊನೆಗಳನ್ನೂ ಅವಳ ತೋರುಬೆರಳ ತುದಿಗೆ ಮೆಲ್ಲಗೆ ತಾಗಿಸುತ್ತಾನೆ; ಅವಳು ಒಂದೋ ಎರಡೋ ಎಂದು ಹೇಳಬೇಕು. ಅವಳು ಎರಡು ಎನ್ನುವ ತನಕ ಅವನು ಅಂತರ ಹಿಗ್ಗಿಸುತ್ತಾ ಹೋಗುತ್ತಾನೆ. ಸ್ಟಿಯರಿಂಗ್ ಹಿಡಿದು ಜಡ್ಡುಗಟ್ಟಿದ ಅವನ ಬೆರಳಿಗೇ ಮೂರು ಮಿಲಿಮೀಟರ್ ಸಾಕಾಗುತ್ತದೆ. ಅವಳಿಗೆ ಮೊದಲ ಭಾನುವಾರ ಐದು ಬೇಕಾಯಿತು. ಮೂರನೆಯದಕ್ಕೆ ಆರು.

ಇಂದು ಏಳನೆಯ ಭಾನುವಾರ. "ಒಂದು," ಎಂದಳು. "ಒಂದು." ಅವನು ಹಿಗ್ಗಿಸಿದ. "ಒಂದೇ ರೀ, ನೀವು ಎರಡೂ ಇಡ್ತಾ ಇದ್ದೀರಾ?" ಇಡುತ್ತಿದ್ದೇನೆ ಎಂದ. ಈ ಸಲ ಅವನ ಹತ್ತಿರ ತಮಾಷೆಯಿರಲಿಲ್ಲ. ಎಂಟಕ್ಕೆ ಅವಳು ಎರಡು ಎಂದಳು, ಅದೂ ತಡವರಿಸಿ.

ಅದನ್ನು ಬರೆದಿಡಲು ಅವನು ನೋಟ್‌ಬುಕ್ ತೆರೆದಾಗ ಮೊದಲ ಪುಟವೇ ತೆರೆದುಕೊಂಡಿತು. ಅಲ್ಲಿ ಅಣ್ಣನ ಅಕ್ಷರವಿದೆ. ಅವಳು ಕೆಲಸಕ್ಕೆ ಕೂತ ಮೊದಲ ದಿನ ಅವನು ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಕೈಗೆ ಎರಡು ತೆಳು ವಾಷರ್ ಕೊಟ್ಟು, ಯಾವುದು ದಪ್ಪ ಹೇಳು ಎಂದಿದ್ದ. ಅವಳು ಬೆರಳುಗಳ ನಡುವೆ ಒಂದೊಂದನ್ನೇ ಒತ್ತಿ ನೋಡಿ, ದಪ್ಪದ್ದನ್ನು ಅವನ ಮುಂದೆ ಹಿಡಿದಳು. ವ್ಯತ್ಯಾಸ ಎಷ್ಟಿರಬಹುದೆಂದೂ ತಾನಾಗಿಯೇ ಹೇಳಿದಳು. ಅವನು ನಕ್ಕು, ಮೈಕ್ರೋಮೀಟರಿನಲ್ಲಿ ಅಳೆದು ನೋಡಿ, ನಗು ನಿಲ್ಲಿಸಿ, ಅವಳ ಮಾತನ್ನು ತಾರೀಖಿನೊಂದಿಗೆ ಹಾಗೆಯೇ ಬರೆದಿಟ್ಟಿದ್ದ: ಮಿಲಿಮೀಟರಿನ ನೂರರಲ್ಲಿ ಐದು ಭಾಗ.