ಚೆಲ್ಲಿದ ಮುತ್ತುಗದ ನೀರು

ಸಾಫ್ಟ್‌ವೇರ್ ಕಂಪನಿಗಳು ಪಂಕ್ತಿಯಲ್ಲಿ ಊಟ ಬಡಿಸಿದ ಹಾಗೆ ಪರದೇಶದ ಕೆಲಸ ಬಡಿಸುತ್ತಿದ್ದ ಕಾಲ. ಸಿಂಗಪುರದಲ್ಲಿ ನಾಲ್ಕು ತಿಂಗಳು ಕಳೆದು ತಾರ್ನಾಕದ ಮನೆಗೆ ಬಂದ ಬೆಳಿಗ್ಗೆ ನಾನು ಮೊದಲು ಮಾಡಿದ್ದು ಜಗಳ. ಬಚ್ಚಲಲ್ಲಿ ಬಕೆಟ್ ತುಂಬ ಕೆಂಪು-ಹಳದಿ ನೀರಿತ್ತು. ನಮ್ಮ ಬೋರಿನ ನೀರು ಆಗಾಗ ಹೀಗೇ ತುಕ್ಕು ತುಕ್ಕಾಗಿ ಬರುತ್ತಿತ್ತು.

“ನಾ ಇಲ್ಲಂದ್ರ ಟ್ಯಾಂಕ್ ತೊಳಸಾಕೂ ಯಾರಿಗೂ ಪುರಸೊತ್ತಿಲ್ಲ, ಹೌದಿಲ್ಲೋ?” ಎಂದು ಗಂಡನ ಮೇಲೆ ಹರಿಹಾಯ್ದು, ಬಕೆಟ್ ಬಗ್ಗಿಸಿಬಿಟ್ಟೆ.

ಆರು ವರ್ಷದ ಮಗಳು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಳಲಿಲ್ಲ. ಮೋರಿಗೆ ಹರಿಯುವ ನೀರನ್ನೇ ನೋಡುತ್ತಿದ್ದಳು.

“ಯವ್ವಾ, ಅದು ಮುತ್ತುಗದ ಹೂವಿನ ನೀರು,” ಎಂದರು ಅತ್ತೆ, ಮೆಲ್ಲಗೆ. “ನಿನಗ ಬ್ಯಾಸಗಿ ಝಳ ಬಡೀಬಾರ್ದಂತ ಕೂಸು ನಾಕ್ ದಿನದಿಂದ ಹೂವ ಆರಿಸ್ಯಾಳ.”

ಬೀದರ್ ಕಡೆ ಹುಟ್ಟಿದವಳು ನಾನು. ಪ್ರತಿ ಹೋಳಿ ಹಬ್ಬಕ್ಕೆ ನನ್ನವ್ವ ಇದೇ ನೀರನ್ನು ನನ್ನ ತಲೆಗೆ ಸುರಿದಿದ್ದಳು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಆದರೂ ಬಾಯಿಂದ ಬಂದದ್ದೇನು? “ಮೊದಲ ಹೇಳಬಾರದಾ?” ಥೂ, ನನ್ನ ಬಾಯಿಗಿಷ್ಟು!

ಭಾನುವಾರ ನಾಲ್ವರೂ, ಮಗಳು ಹೂವು ಆರಿಸಿದ್ದ ಯೂನಿವರ್ಸಿಟಿ ಕ್ಯಾಂಪಸ್ಸಿನ ಕಾಡಿಗೆ ಹೋದೆವು. ಒಂದೆಲೆಯೂ ಇಲ್ಲದ ಮುತ್ತುಗದ ಮರಗಳ ಕೊಂಬೆ ಕೊಂಬೆಯಲ್ಲೂ ಕೇಸರಿ ಹೂವು. ಬಂಡೆ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಗಂಡ ನನ್ನನ್ನು “ಟ್ಯಾಂಕ್ ಇನ್‌ಸ್ಪೆಕ್ಟರ್” ಎಂದು ಕಾಡಿಸಿದ, ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ನನಗೂ ನಗು ಬಂತು. ಮಗಳು ಮಾತ್ರ ಅಜ್ಜಿಯ ಮಗ್ಗುಲು ಬಿಟ್ಟು ಏಳಲಿಲ್ಲ.

ಅವಳನ್ನು ಒಲಿಸಿಕೊಳ್ಳುವ ಅವಸರದಲ್ಲಿ ಕೆಳಗಿನ ಕೊಂಬೆ ಜಗ್ಗಿ ಹೂ ಕೀಳಹೋದೆ.

“ಗಿಡದಾಗಿಂದು ಹರೀಬಾರ್ದು,” ಎಂದಳು. “ಬಿದ್ದಿದ್ದಷ್ಟ ಆರಿಸ್ಬೇಕು. ಇರುವಿ ಇದ್ರ ಝಾಡಿಸ್ಬೇಕು.”

ಅಂದು ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಮೊಣಕಾಲೂರಿ ಒಂದೊಂದೇ ಆರಿಸತೊಡಗಿದೆ. ಬಹಳಷ್ಟು ಹೂವು ಮಂದಿಯ ಕಾಲಿಗೆ ಸಿಕ್ಕಿ ಹಾಳಾಗಿದ್ದವು. ಅರ್ಧ ಗಂಟೆಗೇ ಸೊಂಟ ಹಿಡಿದುಕೊಂಡಿತು, ಸೆರಗಿನಲ್ಲಿ ಎರಡು ಹಿಡಿ ಹೂವೂ ಇರಲಿಲ್ಲ. ಈ ಕೂಸು ನಾಲ್ಕು ದಿನ ಹೀಗೆ ಬಗ್ಗಿತ್ತು. ನಾನು ಒಂದು ಗಳಿಗೆಯಲ್ಲಿ ಚೆಲ್ಲಿದ್ದೆ.

ಸಂಜೆವರೆಗೂ ಆರಿಸಿ ತಂದು ರಾತ್ರಿ ನೆನೆಹಾಕಿದ ಹೂವಿಗೆ ಸೋಮವಾರ ಬೆಳಿಗ್ಗೆ ನೀರು ಮತ್ತೆ ಅದೇ ಬಣ್ಣಕ್ಕೆ ತಿರುಗಿತ್ತು. ಬಚ್ಚಲಿಗೆ ಹೋದರೆ ಮಗಳು ಆಗಲೇ ಅಲ್ಲಿದ್ದಳು, ಬಕೆಟ್ಟಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು.

“ಮಮ್ಮಿ, ಇದು ಹೊಲಸ ನೀರಲ್ಲ.”

“ಗೊತ್ತೈತಿ, ನನ್ನವ್ವಾ,” ಎಂದು ಮಣೆಯ ಮೇಲೆ ಕೂತೆ. ತಂಬಿಗೆಯನ್ನು ಅವಳ ಮುಂದೆ ಹಿಡಿದು ನಾನು ತಲೆ ಬಗ್ಗಿಸುವವರೆಗೂ ಅವಳು ಬಕೆಟ್ ಬಿಡಲಿಲ್ಲ.