ಮಳೆಗಾಲದ ಬಂಗಡೆ

ತೆಂಗಿನಗುಂಡಿಯ ಲಕ್ಕಿಗೆ ಮೈಗಿಂತ ಗಂಟಲೇ ದೊಡ್ಡದು ಎಂದು ಭಟ್ಕಳ ಪೇಟೆಯವರು ಹೇಳುತ್ತಿದ್ದರು. ಸುಳ್ಳಲ್ಲ. ತಲೆಯ ಮೇಲೆ ಮೀನುಬುಟ್ಟಿ ಹೊತ್ತು ‘ಬಂಗಡೇಯೋ’ ಎಂದು ಅವಳು ಕೂಗಿದರೆ ಕೇರಿಯ ಬೆಕ್ಕುಗಳೆಲ್ಲ ಎದ್ದು ಕೂರುತ್ತಿದ್ದವು. ಗಂಡ ದೋಣಿ ಮಗುಚಿ ಸತ್ತ ಮೇಲೆ ಅವಳು ಬುಟ್ಟಿ ಇಳಿಸಿ ದವಾಖಾನೆಯಲ್ಲಿ ಆಯಾ ಆದಳು. ಅವಳ ಅಕ್ಕ ಬಂಗಾರಿಗೆ ಅದು ಹಿಡಿಸಲಿಲ್ಲ.

“ಕಂಡೋರ ಕಫ ಬಳಿಯೂಕೆ ಹೋದ್ಯಾ? ನನ್ನ ಹೊಸ್ತಿಲು ತುಳೀಬೇಡ!” ಎಂದಳು.

ಲಕ್ಕಿಯೂ ಹಠದಲ್ಲಿ ಕಮ್ಮಿಯವಳಲ್ಲ, ತುಳಿಯಲೇ ಇಲ್ಲ. ಒಂದೇ ಕೇರಿ, ಒಂದೇ ಬಾವಿ, ಆದರೆ ಮಾತಿಲ್ಲ ಕತೆಯಿಲ್ಲ. ಎಂಥ ಹಾಳು ಹಠವೋ!

೧೯೫೭ರ ಮಳೆಗಾಲದಲ್ಲಿ ಫ್ಲೂ ಬಂತು. ಜನ ಅದನ್ನು ‘ಬೊಂಬಾಯಿ ಜ್ವರ’ ಎಂದರು. ದೋಣಿಗಳು ದಡದ ಮೇಲೆ, ಜನರೆಲ್ಲ ಮನೆಯೊಳಗೆ. ಒಬ್ಬ ಕೆಮ್ಮಿದರೆ ಸಾಲುಮನೆಯೇ ಕೆಮ್ಮುತ್ತಿತ್ತು. ಕಂಪೌಂಡರ್ ಮಾದೇವನ ಮುಖದ ಮೇಲೆಯೇ ಒಬ್ಬ ಮುದುಕ ಕೆಮ್ಮಿದ. ಮಾದೇವ ಹಾಸಿಗೆ ಹಿಡಿದ. ಡಾಕ್ಟರ್ ಅನಂತಮೂರ್ತಿಯವರಿಗೆ ದಿಗಿಲಾಯಿತು. ಎಲ್ಲರ ಮೂಗುಬಾಯಿಗೂ ಮೂರು ಮಡಿಕೆಯ ಬಟ್ಟೆ ಕಟ್ಟಿಸಿದರು. ಅವರಿಗೆ ಕನ್ನಡಕ ಮೊದಲೇ ಇತ್ತು. ತಮ್ಮ ಮೋಟಾರ್‌ಸೈಕಲ್ಲಿನ ಚರ್ಮದಂಚಿನ ಗಾಗಲ್ಸನ್ನು ಲಕ್ಕಿಗೆ ಕಟ್ಟಿದರು.

“ರೋಗಿಯ ಮನೇಲಿ ಇದನ್ನ ತೆಗೀಬೇಡ, ಇದರೊಳಗೆ ಕೈ ಹಾಕ್ಬೇಡ. ನಾವು ಮನೆ ಮನೆ ತಿರುಗೋರು. ಮದ್ದಿನ ಜೊತೆ ಜ್ವರಾನೂ ಹಂಚೋದು ಬೇಡ.”

ಆ ವೇಷದಲ್ಲಿ ಲಕ್ಕಿ ಹೊರಟರೆ ಮಕ್ಕಳು ಓಡಿದವು, ನಾಯಿಗಳು ಅಟ್ಟಿಸಿಕೊಂಡು ಬಂದವು. “ನಗಿ, ನಗಿ! ಸೂಜಿ ಚುಚ್ಚುವಾಗ ನಾ ನಗ್ತೆ” ಎನ್ನುತ್ತ ಅವಳು ನಡೆದಳು.

ಒಂದು ಬೆಳಿಗ್ಗೆ ನೆರೆಯ ಈರಮ್ಮ ದವಾಖಾನೆಗೆ ಓಡಿಬಂದಳು. ಒಂಟಿಯಾಗಿದ್ದ ಬಂಗಾರಿ ಬಾಗಿಲಿಗೆ ಅಗುಳಿ ಹಾಕಿಕೊಂಡು ಮಲಗಿದ್ದಾಳೆ, ಉಸಿರು ಎಳೆಯುತ್ತಿದ್ದಾಳೆ ಎಂದಳು. ಜ್ವರ ಎದೆಗೆ ಇಳಿದಿರಬೇಕು, ಇವತ್ತೇ ಸೂಜಿ ಬೀಳದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಲಕ್ಕಿ ಅವರಿಗಿಂತ ಮುಂದೆ ಓಡಿದಳು.

ಬಂಗಾರಿ ಕಿಟಕಿಯಿಂದ ಇಣುಕಿ ಚೀರಿದಳು. “ಯಾವುದಿದು ರಾಕ್ಷಸ ವೇಷ? ನನ್ನ ಒಯ್ಯೂಕೆ ಬಂದ್ಯಾ? ಬಾಗ್ಲು ತೆಗಿಯೂದಿಲ್ಲ!”

“ಅಕ್ಕಾ, ನಾನೇ, ಲಕ್ಕಿ!” ಬಟ್ಟೆಯೊಳಗೆ ದನಿ ಉಡುಗಿಹೋಗಿತ್ತು.

“ಲಕ್ಕಿ ಈ ಹೊಸ್ತಿಲಿಗೆ ಬರೂದಿಲ್ಲ. ಅವಳ ಹಠ ನಂಗೆ ಗೊತ್ತಿಲ್ವಾ?”

ಆ ಮಾತು ಲಕ್ಕಿಯ ಎದೆಗೆ ನಾಟಿತು. ಕೈ ಗಾಗಲ್ಸಿನವರೆಗೆ ಹೋಯಿತು. ಒಂದು ಗಳಿಗೆ ಮುಖ ತೋರಿಸಿದರೆ ಸಾಕಿತ್ತು. ಆದರೆ ಮಾದೇವನ ನೆನಪಾಯಿತು, ಇನ್ನೂ ಹೋಗಬೇಕಾದ ಮನೆಗಳ ಕೂಸುಗಳ ನೆನಪಾಯಿತು. ಕೈ ಇಳಿಸಿದಳು. ಅಂಗಳದ ನಡುವೆ ಮಳೆಯಲ್ಲಿ ನಿಂತು ಹಳೆಯ ಗಂಟಲು ತೆಗೆದಳು.

“ಬಂಗಡೇಯೋ! ಬೋಣಿ ಆಗ್ಲಿಲ್ಲ, ಬಂಗಡೇಯೋ!”

ಬೋಣಿಗೆ ಬಂದವಳನ್ನು ದರ ಕೂಡ ಕೇಳದೆ ಕಳಿಸಿದರೆ ಇಬ್ಬರಿಗೂ ಕೇಡು ಎಂಬುದು ಆ ಕೇರಿಯ ಮೀನು ಮಾರುವ ಹೆಂಗಸರ ನಂಬಿಕೆ. ಬಂಗಾರಿ ಜನ್ಮವಿಡೀ ಅದನ್ನು ಮೀರಿದವಳಲ್ಲ. ಒಳಗೆ ಕೆಮ್ಮು ಕೇಳಿಸಿತು, ಆಮೇಲೆ ಸಣ್ಣ ದನಿ.

“ಈ ಮಳೇಲಿ ಎಂತ ಬಂಗಡೆಯೇ, ಹುಚ್ಚಿ! ಹೆಂಗೆ ಕೊಡ್ತಿ?”

“ನೀ ಕೊಟ್ಟಷ್ಟು ಆತು ಅಕ್ಕಾ. ಬಾಗ್ಲು ತೆಗಿ.”

ಅಗುಳಿ ಸರಿಯಿತು. ಲಕ್ಕಿ ಹೊಸ್ತಿಲು ದಾಟಿದಳು. ಹಿಂದೆಯೇ ಬಂದ ಡಾಕ್ಟರು ಸೂಜಿ ಚುಚ್ಚಿದರು.

ಆ ಸೂಜಿಯಿಂದ ಬಂಗಾರಿ ಉಳಿದಳು, ಮತ್ತೆ ಎಷ್ಟೋ ವರ್ಷ ತಂಗಿಯೊಡನೆ ಜಗಳವಾಡಿದಳು; ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಅವಳು ಕೇಳಿದ್ದು ಒಂದೇ: “ಮುಖ ತೋರ್ಸೇ.”

“ಆಗೂದಿಲ್ಲ. ಗುಣ ಆಗು. ನಿಂಗೆ ಸಾಕಪ್ಪಾ ಅನ್ನಿಸುವಷ್ಟು ತೋರಿಸ್ತೆ.”

ಅಷ್ಟು ಹೇಳುವಷ್ಟರಲ್ಲಿ ಗಾಗಲ್ಸಿನೊಳಗೆ ನೀರು ತುಂಬಿತು. ಒರೆಸಲು ಕೈ ಹಾಕುವಂತಿಲ್ಲ. ಬಂಗಾರಿ ತನ್ನ ಸೆರಗು ಹಿಡಿದು ಗಾಜಿನ ಹೊರಗಡೆಯನ್ನೇ ಒರೆಸಿದಳು.