ಚೀಲ ಇರ್ತೈತಿ ಎಂದಿದ್ದೆ

ಹುಲಿಗೆಮ್ಮನ ಗರ್ಭಕೋಶವನ್ನು ತೆಗೆದುಹಾಕಿದ್ದಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅದು ನಿನ್ನ ಹೊಟ್ಟೆಯಲ್ಲೇ ಇದೆ ಎಂದು ಅವಳಿಗೆ ಹೇಳಿದೆ. ಒಂದು ಸಲವಲ್ಲ — ಕೇಳಿದಾಗಲೆಲ್ಲ ಹೇಳಿದೆ. ಹದಿನಾಲ್ಕು ವರ್ಷ ಅವಳು ಆ ಮಾತನ್ನು ನಂಬಿ ಬದುಕಿದಳು. ಇದನ್ನು ಬರೆಯಲು ಕೂತಾಗ "ಪರಿಸ್ಥಿತಿ ಹಾಗಿತ್ತು" ಎಂದೇ ಮೊದಲು ಬರೆದೆ, ಹೊಡೆದು ಹಾಕಿದೆ. ಪರಿಸ್ಥಿತಿ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ.

ನಾನು ಮಸ್ಕಿಯವಳು. ನರ್ಸಿಂಗ್ ಮುಗಿಸಿ ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಾಗ ನನಗೆ ಇಪ್ಪತ್ಮೂರು. ಆ ಆಸ್ಪತ್ರೆ ಈಗಿಲ್ಲ; ಆ ಜಾಗದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ಅಲ್ಲಿನ ವೈದ್ಯರು ಆಂಧ್ರದ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ರೋಗಿಗೂ ಅವರಿಗೂ ನಡುವೆ ನಾನೇ ಬಾಯಿ. ಅವರು ಇಂಗ್ಲಿಷಿನಲ್ಲಿ ಹೇಳಿದ ಅಂಗಗಳ ಹೆಸರನ್ನು ನಾನು ಊರ ಮಾತಿಗೆ ಇಳಿಸಬೇಕು. ಮೂತ್ರಪಿಂಡ, ಪಿತ್ತಕೋಶ, ಅನ್ನನಾಳ — ಪುಸ್ತಕದ ಕನ್ನಡವೂ ನಮ್ಮ ಜನಕ್ಕೆ ದೂರದ್ದೇ. ಗರ್ಭಕೋಶ ಎಂದರೆ ಸುಮ್ಮನೆ ನೋಡುವ ಹೆಂಗಸರು ಚೀಲ ಎಂದ ಕೂಡಲೇ ತಲೆಯಾಡಿಸುತ್ತಿದ್ದರು. ರಕ್ತಪರಿಚಲನೆಯನ್ನು ಕಾಲುವೆ, ತೂಬುಗಳ ಲೆಕ್ಕದಲ್ಲಿ ವಿವರಿಸಿದರೆ ಗದ್ದೆಯವರಿಗೆ ಕೂಡಲೇ ತಿಳಿಯುತ್ತಿತ್ತು. ನಾನಿಲ್ಲದಿದ್ದರೆ ಇವರಿಗೆ ತಮ್ಮ ಮೈಯೇ ಅರ್ಥವಾಗದು ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯನ್ನೂ ಇಲ್ಲೇ ಒಪ್ಪಿಕೊಳ್ಳಬೇಕು.

ಹುಲಿಗೆಮ್ಮ ದಢೇಸುಗೂರಿನವಳು. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಾಲ್ಕು ವರ್ಷದ ಒಬ್ಬಳು ಮಗಳಿದ್ದಳು, ಗಂಗಾ. ಗಂಡ ಅಮರೇಶ ಅವಳನ್ನು ಆಟೋದಲ್ಲಿ ಕರೆತಂದಾಗ ಅವಳಿಗೆ ನಿಲ್ಲುವ ತ್ರಾಣವಿರಲಿಲ್ಲ. ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದರೂ, ನಾಟಿ ಮುಗಿಯಲಿ ಎಂದು ತಡೆದುಕೊಂಡಿದ್ದಳಂತೆ. ವೈದ್ಯರು ಸ್ಕ್ಯಾನಿಂಗ್ ನೋಡಿ, ಗರ್ಭಕೋಶದ ತುಂಬ ಗಡ್ಡೆಗಳಿವೆ, ಗರ್ಭಕೋಶವನ್ನೇ ತೆಗೆಯದೆ ದಾರಿಯಿಲ್ಲ ಎಂದರು. ಅದು ಸರಿಯೋ ತಪ್ಪೋ ಹೇಳುವಷ್ಟು ತಿಳಿದವಳು ನಾನಲ್ಲ. ಅವಳ ಜೀವವಂತೂ ಉಳಿಯಿತು. ನನ್ನ ತಪ್ಪು ಇರುವುದು ಆಪರೇಷನ್ನಿನಲ್ಲಲ್ಲ — ಅದಕ್ಕೆ ಮೊದಲಿನ ಹತ್ತು ನಿಮಿಷದಲ್ಲಿ.

ಅಮರೇಶನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟ. ಆಮೇಲೆ ತಲೆಯೆತ್ತಿ, "ಅಕ್ಕಾರ, ಚೀಲ ತಗಿತಾರ ಅಂತ ಅಕೀಗೆ ಹೇಳಬ್ಯಾಡ್ರಿ. ಇನ್ನೊಂದು ಕೂಸು ಬೇಕಂತ ಹರಕಿ ಹೊತ್ತಾಳ. ಹೇಳಿದ್ರ ಒಲ್ಲೆ ಅಂತಾಳ. ಸತ್ತು ಹೋಗ್ತಾಳ" ಎಂದ.

ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು. ಅದನ್ನೂ ಮಸಿಯ ಪ್ಯಾಡನ್ನೂ ಹಿಡಿದು ಅವಳ ಮಂಚದ ಬಳಿ ಹೋದೆ. ಹೊಟ್ಟೆಯಲ್ಲಿ ಗಡ್ಡೆಯಿದೆ, ತೆಗೆಯುತ್ತಾರೆ ಎಂದೆ. ಅವಳು ಹೆಬ್ಬೆರಳು ಚಾಚಿದವಳು ಮತ್ತೆ ಹಿಂದಕ್ಕೆಳೆದುಕೊಂಡಳು.

"ಬರೇ ಗಡ್ಡಿ ಹೌದಿಲ್ಲೊ? ಚೀಲ ಇರ್ತೈತಿಲ್ಲ?"

"ಇರ್ತೈತಿ," ಎಂದೆ.

ಅವಳು ಹೆಬ್ಬೆಟ್ಟು ಒತ್ತಿದಳು.

ಹೇಳಿದ್ದರೆ ಅವಳು ಅಳುತ್ತಿದ್ದಳು, ಒಲ್ಲೆನೆನ್ನುತ್ತಿದ್ದಳು, ಕೊನೆಗೆ ಒಪ್ಪುತ್ತಿದ್ದಳೇನೋ. ಒಪ್ಪದೆಯೂ ಇರಬಹುದಿತ್ತು. ಎರಡರಲ್ಲಿ ಯಾವುದಾದರೂ ಅದು ಅವಳ ತೀರ್ಮಾನವಾಗಿರುತ್ತಿತ್ತು. ನಾನು ಅವಳ ಪ್ರಶ್ನೆಗೆ ನಿಜ ಹೇಳಲಿಲ್ಲ, ಅವಳ ಬದಲು ನಾನೇ ತೀರ್ಮಾನಿಸಿದೆ.

ಹೊಲಿಗೆ ಬಿಚ್ಚುವ ದಿನ ಹೇಳಿಬಿಡಬೇಕೆಂದುಕೊಂಡೆ. ಅವಳು ಮುಟ್ಟು ಯಾವಾಗ ಬರುತ್ತದೆಂದು ಕೇಳಿದಳು. ರಕ್ತ ಬಹಳ ಹೋಗಿದೆ, ಮೈ ತುಂಬಿಕೊಂಡ ಮೇಲೆ ಬರುತ್ತದೆ ಎಂದುಬಿಟ್ಟೆ. ಅಮರೇಶ ಬಾಗಿಲಲ್ಲೇ ನಿಂತಿದ್ದ. ನಮ್ಮಿಬ್ಬರ ಕಣ್ಣು ಕೂಡಿದವು. ಅಂದಿನಿಂದ ಅವನೂ ನಾನೂ ಒಂದೇ ಕೋಣೆಯೊಳಗೆ ಸಿಕ್ಕಿಬಿದ್ದಂತಾಯಿತು. ಅವನು ಬಾಯಿ ಬಿಟ್ಟರೆ ನಾನು ಹೋದೆ, ನಾನು ಬಿಟ್ಟರೆ ಅವನು.

ಆಸ್ಪತ್ರೆ ಮುಚ್ಚಿದ ಮೇಲೆ ಲಿಂಗಸುಗೂರಿನ ನರ್ಸಿಂಗ್ ಶಾಲೆಯೊಂದರಲ್ಲಿ ಅಂಗರಚನೆ ಕಲಿಸುವ ಕೆಲಸ ಸಿಕ್ಕಿತು. ಮನೆ ಮಸ್ಕಿಯಲ್ಲೇ, ದಿನಾ ಬಸ್ಸಿನಲ್ಲಿ ಓಡಾಟ. ಹುಲಿಗೆಮ್ಮ ಹೇಗೋ ನನ್ನ ಮನೆ ಹುಡುಕಿಕೊಂಡು ಬಂದಳು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದಳು. ಸೆರಗಿನಲ್ಲಿ ಹೊಸ ಅಕ್ಕಿಯನ್ನೋ ಬದನೆಕಾಯಿಯನ್ನೋ ಕಟ್ಟಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು, ಚೀಲ ಇದೆಯಲ್ಲ, ಮುಟ್ಟು ಯಾಕೆ ಬರುತ್ತಿಲ್ಲ ಎಂಬ ಅದೇ ಪ್ರಶ್ನೆ ಕೇಳುತ್ತಿದ್ದಳು. ಓಣಿಯ ತುದಿಯಲ್ಲಿ ಅವಳು ಕಂಡರೆ ಬಾಗಿಲು ಮುಚ್ಚಿಬಿಡೋಣವೆನಿಸುತ್ತಿತ್ತು. ಒಮ್ಮೆ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಅವಳು ಎರಡು ತಾಸು ಕಾದಳು. ನಾನು ಒಳಗೆ, ಉಸಿರು ಬಿಗಿಹಿಡಿದು, ನನ್ನದೇ ಮನೆಯಲ್ಲಿ.

ಜೊತೆಯ ಹೆಂಗಸರು ಅವಳಿಗೆ ಹೇಳಿದ್ದರು — ನಿನ್ನ ಚೀಲ ತೆಗೆದಿದ್ದಾರೆ, ಅದಕ್ಕೇ ಮುಟ್ಟಾಗುತ್ತಿಲ್ಲ ಎಂದು. ಅವಳು ಅವರೊಂದಿಗೆ ಜಗಳವಾಡಿದಳು. ಸಿಸ್ಟರ್ ಅಕ್ಕ ಓದಿದಾಕಿ, ಅಕಿ ಹೇಳ್ಯಾಳ, ನಿಮಗೇನು ಗೊತ್ತು ಎಂದು, ತಾನೇ ಕಟ್ಟಿದ ಗುಂಪನ್ನು ಬಿಟ್ಟು ಬೇರೆಯವರ ಗದ್ದೆಗೆ ಒಬ್ಬಳೇ ಹೋಗತೊಡಗಿದಳು. ಇದನ್ನು ಅವಳು ನನಗೆ ಹೆಮ್ಮೆಯಿಂದ ಹೇಳಿದಳು. ನಾನು ಚಹಾ ಕಾಸಿ ಕೊಟ್ಟೆ. ಅತ್ತೆ ಅವಳನ್ನು ಒಂದು ಹಡೆದು ಬತ್ತಿದವಳು ಎಂದು ಕರೆಯುತ್ತಿದ್ದಳಂತೆ. ಅಮರೇಶ ಕೇಳಿಸಿಕೊಂಡು ಸುಮ್ಮನಿರುತ್ತಿದ್ದನಂತೆ.

ಒಮ್ಮೆ ರಾಯಚೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಲೇ ಎಂದು ಕೇಳಿದಳು. ಬೇಡ ಎಂದೆ. ಅದರ ಅಗತ್ಯವಿಲ್ಲ, ಮೈಯಲ್ಲಿ ರಕ್ತ ಕಡಿಮೆ ಅಷ್ಟೇ ಎಂದು ಹೇಳಿ ಕಬ್ಬಿಣಾಂಶದ ಗುಳಿಗೆ ಕೊಟ್ಟೆ. ಮೊದಲ ಸುಳ್ಳನ್ನು ಅವಳ ಜೀವಕ್ಕಾಗಿ ಹೇಳಿದೆ ಎಂದು ಎಷ್ಟೋ ವರ್ಷ ನನ್ನನ್ನೇ ನಂಬಿಸಿದ್ದೆ. ಈ ಸುಳ್ಳು ಯಾರಿಗಾಗಿ? ಇದು ನನಗಾಗಿ. ಪೂರ್ತಿ ನನಗಾಗಿ.

ಹೋದ ವರ್ಷ ಗಂಗಾ ನಮ್ಮ ಶಾಲೆಗೇ ಸೇರಿದಳು. ಹುಲಿಗೆಮ್ಮನೇ ಕರೆತಂದು, ನೀವು ಇಲ್ಲಿದ್ದೀರಿ ಎಂಬ ಧೈರ್ಯಕ್ಕೇ ಸೇರಿಸುತ್ತಿದ್ದೇನೆ ಎಂದು ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟಳು.

ಮೊದಲ ತಿಂಗಳು ಪದಗಳ ಪಾಠ. ಆಸ್ಟಿಯೋ ಎಂದರೆ ಮೂಳೆ, ನೆಫ್ರೋ ಎಂದರೆ ಮೂತ್ರಪಿಂಡ, ಗ್ಯಾಸ್ಟ್ರೋ ಎಂದರೆ ಜಠರ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ. ಎಕ್ಟಮಿ ಬಂದರೆ ಕತ್ತರಿಸಿ ತೆಗೆಯುವುದು. ಪದವನ್ನು ಒಡೆದು ನೋಡಿ, ತಾನೇ ಅರ್ಥ ಹೇಳುತ್ತದೆ ಎಂದು ಪ್ರತಿ ವರ್ಷ ಹೇಳುವ ಮಾತನ್ನು ಆ ವರ್ಷವೂ ಹೇಳಿದೆ, ಗಂಗಾ ಕೂತಿದ್ದ ಎರಡನೆಯ ಬೆಂಚಿನ ಕಡೆ ನೋಡದೆ. ಅಸ್ಥಿಪಂಜರ ಮುಗಿಯಿತು, ರಕ್ತಪರಿಚಲನೆ, ಉಸಿರಾಟ, ಜೀರ್ಣಾಂಗ, ನರಮಂಡಲ ಮುಗಿದವು. ಸಂತಾನೋತ್ಪತ್ತಿಯ ಅಂಗಗಳ ಅಧ್ಯಾಯ ಬಂದಾಗ, ಇದು ಸುಲಭ, ನೀವೇ ಓದಿಕೊಳ್ಳಿ ಎಂದು ಪುಸ್ತಕ ಮುಚ್ಚಿದೆ. ಇಷ್ಟು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ರಜೆ ಮುಗಿಸಿ ಬಂದ ದಿನ ಗಂಗಾ ನನ್ನ ಕೋಣೆಗೆ ಬಂದಳು. ಪ್ಲಾಸ್ಟಿಕ್ ಕವರಿನಿಂದ ಮಡಿಕೆಗಳಲ್ಲಿ ಹರಿದಿದ್ದ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದಳು. ಅವಳ ತಾಯಿಯ ಡಿಸ್ಚಾರ್ಜ್ ಚೀಟಿ. ಹಿಸ್ಟರೆಕ್ಟಮಿ ಎಂಬ ಪದದ ಮೇಲೆ ಬೆರಳಿಟ್ಟಳು.

"ಹಿಸ್ಟರೋ ಅಂದ್ರ ಗರ್ಭಕೋಶ. ಅದನ್ನ ಪುಸ್ತಕದಾಗ ನೋಡಿದೆ," ಎಂದಳು. "ಎಕ್ಟಮಿ ನೀವ ಕಲಿಸೀರಿ. ಕೆಳಗ ನಿಮ್ಮ ಸಹಿ ಐತ್ರಿ, ಮೇಡಂ."

ಚೀಟಿಯನ್ನು ಹತ್ತಿರಕ್ಕೆಳೆದು ನೋಡಿದೆ. ಸಹಿ ನನ್ನದೇ.

"ಅವ್ವ ಇನ್ನೂ ಗುಳಿಗಿ ನುಂಗಾಕತ್ತಾಳ್ರಿ," ಎಂದಳು. ಅವಳ ದನಿ ಏರಲಿಲ್ಲ. "ನಾ ಹೇಳಂಗಿಲ್ಲ. ನೀವ ಬಂದು ಹೇಳ್ರಿ."

ಆ ಭಾನುವಾರ ದಢೇಸುಗೂರಿಗೆ ಹೋದೆ. ಸಿಂಧನೂರಿನಲ್ಲಿ ಬಸ್ಸು ಬದಲಿಸುವಾಗ ಹಿಂತಿರುಗಿಬಿಡೋಣವೆನಿಸಿತು, ಅದನ್ನೂ ಬರೆದಿಡುತ್ತೇನೆ. ಹುಲಿಗೆಮ್ಮ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಸಂಭ್ರಮದಿಂದ ಎದ್ದು ಚಾಪೆ ಹಾಸಿದಳು. ಅಮರೇಶ ಕಟ್ಟೆಯ ಮೇಲಿದ್ದ. ನಾನು ಬಂದದ್ದೇಕೆಂದು ಅವನಿಗೆ ನನ್ನ ಮುಖ ನೋಡಿಯೇ ತಿಳಿಯಿತು, ಎದ್ದು ಹೋಗಲಿಲ್ಲ. ಗಂಗಾ ತಾಯಿಯ ಪಕ್ಕ ಕೂತಳು.

ಸುತ್ತಿಬಳಸದೆ ಹೇಳಿದೆ. ಅಂದು ತೆಗೆದದ್ದು ಬರೀ ಗಡ್ಡೆಯಲ್ಲ, ಚೀಲವನ್ನೇ. ನನಗೆ ಮೊದಲೇ ಗೊತ್ತಿತ್ತು. ಇರುತ್ತದೆ ಎಂದದ್ದು ಸುಳ್ಳು. ಆಮೇಲೆ ಹೇಳಿದ್ದೆಲ್ಲವೂ ಸುಳ್ಳು.

ಅವಳು ಅಕ್ಕಿಯಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಇವರಿಗೆ ಗೊತ್ತಿತ್ತೇನ್ರಿ?"

ಅಮರೇಶ ನನ್ನತ್ತ ನೋಡಿದ. ಹದಿನಾಲ್ಕು ವರ್ಷದ ಹಿಂದೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದ್ದ ಅದೇ ನೋಟ. ಅವನನ್ನು ಉಳಿಸಿದರೆ ಅವಳ ಸಂಸಾರ ಉಳಿಯುತ್ತದೆಯೇನೋ ಎಂಬ ಯೋಚನೆ ಆಗಲೂ ಬಂತು. ಮತ್ತೆ ಅವಳ ಬದಲು ನಾನು —

"ಗೊತ್ತಿತ್ತು," ಎಂದೆ.

ಅವಳು ಅವನ ಕಡೆ ತಿರುಗಲಿಲ್ಲ. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಎಲ್ಲಿತ್ತದು? ತೋರಸ್ರಿ" ಎಂದಳು.

ಹತ್ತಿರ ಹೋಗಿ ಮೊಣಕಾಲೂರಿ ಕೂತೆ. ಹೊಕ್ಕುಳ ಕೆಳಗೆ, ಅವಳ ಹಳೆಯ ಗಾಯದ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. ಇಲ್ಲಿತ್ತು, ಮುಷ್ಟಿಯಷ್ಟು ದೊಡ್ಡದು. ಮುಂದೆ ಉಚ್ಚೆಯ ಚೀಲ, ಅದು ಇದೆ. ಹಿಂದೆ ಕರುಳು, ಅದೂ ಇದೆ. ಎಡಕ್ಕೊಂದು ಬಲಕ್ಕೊಂದು ಅಂಡಾಶಯ, ಅವನ್ನು ತೆಗೆದಿಲ್ಲವೆಂದು ಚೀಟಿಯಲ್ಲಿದೆ. ಚೀಲ ಮಾತ್ರ ಇಲ್ಲ. ಅದಕ್ಕೇ ಮುಟ್ಟಿಲ್ಲ, ಬಸಿರಿಲ್ಲ. ಇನ್ನು ಬರುವುದೂ ಇಲ್ಲ.

"ಇಷ್ಟು ವರ್ಷ ಈ ಮೈಗೆ ಬೈದೀನ್ರಿ," ಎಂದಳು. "ಎಲ್ಲಾರ ಮೈ ನೆಟ್ಟಗೈತಿ, ನಿನಗೇನು ಬ್ಯಾನಿ ಅಂತ."

ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಸೆರಗು ಹೊದ್ದುಕೊಂಡಳು. ಇನ್ನು ತಮ್ಮ ಮನೆಗೆ ಬರಬೇಡಿ ಎಂದಳು. ಗಂಗಾ ಬಸ್ ನಿಲ್ದಾಣದವರೆಗೆ ಜೊತೆಗೆ ಬಂದಳು.

ಮರುದಿನ ಸಂತಾನೋತ್ಪತ್ತಿಯ ಅಧ್ಯಾಯವನ್ನು ಮೊದಲಿನಿಂದ ಪಾಠ ಮಾಡಿದೆ. ಎಲ್ಲವನ್ನೂ ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಗಂಗಾಳಿಗೆ ಕೊಟ್ಟಿದ್ದೇನೆ. ಅದನ್ನು ಪ್ರಾಂಶುಪಾಲರಿಗೆ ಕೊಡುತ್ತಾರೋ, ಪೊಲೀಸರಿಗೋ, ಒಲೆಗೋ — ತಾಯಿ ಮಗಳು ನಿರ್ಧರಿಸಲಿ. ಕೇಳಿದವರಿಗೆ ಹೌದು, ನಾನೇ ಎನ್ನುತ್ತೇನೆ. ಇನ್ನೂ ಯಾರೂ ಕೇಳಿಲ್ಲ. ಅಮರೇಶ ಈಗ ಕಟ್ಟೆಯ ಮೇಲೆಯೇ ಮಲಗುತ್ತಾನೆಂದು ಗಂಗಾ ಒಂದು ದಿನ ತಾನಾಗಿ ಹೇಳಿದಳು. ತಾಯಿ ಹೇಗಿದ್ದಾಳೆಂದು ಕೇಳಿದೆ. ಅವಳು ಪುಸ್ತಕ ಎತ್ತಿಕೊಂಡು ತರಗತಿಗೆ ಹೋದಳು. ಕೇಳುವ ಹಕ್ಕು ನನಗಿಲ್ಲವೆಂದು ನಾನೂ ಮತ್ತೆ ಕೇಳಲಿಲ್ಲ.